ಓದುಗರ ಪ್ರಶ್ನೆ: ಪ್ರಿಂಟರಿನ ಲೋಹದ ಪುಡಿ, ಫಿಲ್ಟರಿನ ಮಸಿ

ಪ್ರಶ್ನೆ: ಡೆಂಟಲ್ ಲ್ಯಾಬ್‌ನಲ್ಲಿ, ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ ವಸ್ತು ಕಟ್ಟುವ 3ಡಿ ಪ್ರಿಂಟರಿನಲ್ಲಿ, ಕೋಬಾಲ್ಟ್-ಕ್ರೋಮ್ ಮಿಶ್ರಲೋಹದ ಪುಡಿಯಿಂದ ಹಲ್ಲಿನ ಕ್ಯಾಪ್ ಪ್ರಿಂಟ್ ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಉಳಿದ ಪುಡಿಯನ್ನು ಏರ್‌ಗನ್‌ನಿಂದ ಊದಿ, ಗುಡಿಸುತ್ತೇವೆ. ಸರ್ಜಿಕಲ್ ಮಾಸ್ಕ್ ಸಾಕೇ? — ಓದುಗರು, ದಾವಣಗೆರೆ

ಉತ್ತರ: ಸಾಲದು. ಏರ್‌ಗನ್, ಪೊರಕೆ ಎರಡನ್ನೂ ಇವತ್ತೇ ಬಿಡಿ. ಪ್ರಿಂಟರಿಗೆ ಹಾಕುವ ಪುಡಿಯ ಕಣ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್. ಅದರಲ್ಲಿ ಬಹುಪಾಲು ಮೂಗು, ಗಂಟಲು ದಾಟುವುದಿಲ್ಲ. ತೊಂದರೆ ಇರುವುದು ಅದರ ಜೊತೆ ಬೆರೆತ ನವಿರು ಧೂಳಿನಲ್ಲಿ ಮತ್ತು ಲೇಸರ್ ಕಾವಿಗೆ ಲೋಹ ಆವಿಯಾಗಿ ಕೂರುವ ಕಪ್ಪು ಮಸಿಯಲ್ಲಿ. ಊದಿದಾಗ ದಪ್ಪ ಕಣ ಕ್ಷಣದಲ್ಲಿ ನೆಲಕ್ಕೆ ಬೀಳುತ್ತದೆ, ನವಿರಾದದ್ದು ಬಹಳ ಹೊತ್ತು ತೇಲುತ್ತದೆ. ಧೂಳು ಕುಳಿತಿತೆಂದು ಮಾಸ್ಕ್ ಇಳಿಸುವ ಹೊತ್ತಿಗೇ ಅದು ಎದೆಗೆ ಇಳಿಯುವುದು.

ಕೋಬಾಲ್ಟ್‌ನಿಂದ ಚರ್ಮದ ಅಲರ್ಜಿ, ಉಬ್ಬಸ ಬರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೋಬಾಲ್ಟ್ ಲೋಹವನ್ನು 2ಎ ಗುಂಪಿನಲ್ಲಿ, ಅಂದರೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಕೆಮ್ಮು, ಉಬ್ಬಸ ರಜೆಯ ದಿನ ತಗ್ಗಿ, ಕೆಲಸಕ್ಕೆ ಬಂದೊಡನೆ ಮರುಕಳಿಸಿದರೆ ತಡಮಾಡಬೇಡಿ. ಎದೆರೋಗದ ವೈದ್ಯರಿಗೆ ಯಾವ ಪುಡಿಯೊಂದಿಗೆ ಕೆಲಸ ಮಾಡುತ್ತೀರೆಂದು ಹೇಳಿ, ಉಸಿರಾಟದ ಪರೀಕ್ಷೆ ಮಾಡಿಸಿ. ವಾರದ ಕೊನೆಯ ಪಾಳಿ ಮುಗಿದಾಗ ಮೂತ್ರದಲ್ಲಿನ ಕೋಬಾಲ್ಟ್ ಅಳೆಸುವುದೂ ಉಪಯುಕ್ತ.

ಪುಡಿ ಬಿಡಿಸುವ ಕೆಲಸ ಮುಚ್ಚಿದ ಪೆಟ್ಟಿಗೆಯೊಳಗೇ ನಡೆಯಲಿ. ಚೆಲ್ಲಿದ್ದನ್ನು ಲೋಹದ ಧೂಳಿಗೆಂದೇ ಮಾಡಿದ ವ್ಯಾಕ್ಯೂಮ್‌ನಿಂದ ಎಳೆದು, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮನೆಯ ವ್ಯಾಕ್ಯೂಮ್ ಬೇಡ: ನವಿರು ಧೂಳನ್ನು ಹಿಂದಿನಿಂದ ಉಗುಳುತ್ತದೆ, ಮೋಟರಿನಲ್ಲಿ ಕಿಡಿಯೂ ಏಳುತ್ತದೆ. ಮುಖಕ್ಕೆ ಕನಿಷ್ಠ ಎನ್95, ಫಿಲ್ಟರ್ ಬದಲಿಸುವಾಗ ಅದಕ್ಕಿಂತ ಹೆಚ್ಚು ಧೂಳು ತಡೆಯುವ, ಮೂಗು-ಬಾಯಿ ಮುಚ್ಚುವ ಪಿ100 ಹಾಫ್ ಮಾಸ್ಕ್. ಗಡ್ಡವಿದ್ದರೆ ಎರಡೂ ಕೆನ್ನೆಗೆ ಬಿಗಿಯಾಗಿ ಕೂರುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್. ಕೋಟನ್ನು ಲ್ಯಾಬ್‌ನಲ್ಲೇ ಬಿಡಿ, ಮಕ್ಕಳ ಬಟ್ಟೆಯೊಂದಿಗೆ ಒಗೆಯಲು ಹಾಕಬೇಡಿ.

ಪ್ರಶ್ನೆ: ಕಾಲೇಜಿನ ಟೈಟಾನಿಯಂ ಪ್ರಿಂಟರಿನ ಫಿಲ್ಟರ್ ತೆಗೆದಾಗ ಅದರಲ್ಲಿ ಕಿಡಿ ಕಂಡಿತು. ಬೆಂಕಿ ಹತ್ತಿದರೆ ನೀರು ಹಾಕಬಹುದೇ? — ಓದುಗರು, ಚಿತ್ರದುರ್ಗ

ಉತ್ತರ: ಖಂಡಿತ ಬೇಡ. ಉರಿಯುವ ಟೈಟಾನಿಯಂ ನೀರನ್ನು ಒಡೆದು ಹೈಡ್ರೋಜನ್ ಬಿಡುತ್ತದೆ, ಅದು ಸಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಕೆಲಸಕ್ಕೆ ಬಾರದು, ಆ ಅನಿಲದಲ್ಲೂ ಟೈಟಾನಿಯಂ ಉರಿಯುತ್ತದೆ. ಲೋಹದ ಬೆಂಕಿಗೆಂದೇ ಇರುವ ಡಿ ದರ್ಜೆಯ ಅಗ್ನಿಶಾಮಕ ಪುಡಿ ಅಥವಾ ಪೂರ್ತಿ ಒಣಗಿದ ಮರಳನ್ನು ಬೆಂಕಿಯ ಮೇಲೆ ಮೆಲ್ಲಗೆ ಸುರಿಯಿರಿ. ಎರಚಿದರೆ ಪುಡಿ ಎದ್ದು ಜ್ವಾಲೆ ಹಬ್ಬುತ್ತದೆ.

ಫಿಲ್ಟರಿನ ಮಸಿ ನೋಡಲು ಮಂಡಕ್ಕಿ ಭಟ್ಟಿಯ ಗೋಡೆಯ ಮಸಿಯಂತೆಯೇ ಇದ್ದರೂ ಇನ್ನೂ ಪೂರ್ತಿ ಸುಡದ ಲೋಹ. ಪ್ರಿಂಟರಿನೊಳಗೆ ಗಾಳಿಯ ಬದಲು ತುಂಬುವ ಆರ್ಗಾನ್ ಅನಿಲದಲ್ಲಿ ಹುಟ್ಟಿದ್ದು ಏಕಾಏಕಿ ಗಾಳಿ ಕಂಡಾಗ ತಾನೇ ಕಾದು ಹೊತ್ತಿಕೊಳ್ಳಬಹುದು. ಆದ್ದರಿಂದ ಫಿಲ್ಟರ್ ತೆರೆಯುವ ಮೊದಲೇ ತಯಾರಕರು ಹೇಳಿದ ವಿಧಾನದಲ್ಲಿ ಅದು ತಾನೇ ಹೊತ್ತಿಕೊಳ್ಳದಂತೆ ಮಾಡಬೇಕು. ಬೆಂಕಿ ಹತ್ತಿದ ಮೇಲೆ ನೀರು ಬೇಡವಾದರೂ, ಹತ್ತುವ ಮೊದಲು ಕೆಲವು ಯಂತ್ರಗಳ ಫಿಲ್ಟರನ್ನು ನೀರಿನಲ್ಲಿ ಪೂರ್ತಿ ಮುಳುಗಿಸುವ ಕ್ರಮವಿದೆ. ಅರೆಬರೆ ಒದ್ದೆ ಮಾಡುವುದು ಅಪಾಯ. ಹಾಗೆ ಮುಳುಗಿಸಿಟ್ಟ ಡಬ್ಬಿಯ ಮುಚ್ಚಳದಲ್ಲಿ ಅನಿಲ ಹೋಗಲು ದಾರಿಯಿರಲಿ. ನಿಮ್ಮೂರಿನ ಬೇಸಿಗೆಯ ಒಣಹವೆಯಲ್ಲಿ ಸ್ಥಿರವಿದ್ಯುತ್ ಸುಲಭವಾಗಿ ಏಳುತ್ತದೆ: ಯಂತ್ರಕ್ಕೂ ವ್ಯಾಕ್ಯೂಮ್‌ಗೂ ಅರ್ತಿಂಗ್, ಮೈಗೆ ಹತ್ತಿ ಬಟ್ಟೆ. ಆರ್ಗಾನ್ ಗಾಳಿಗಿಂತ ಭಾರ, ವಾಸನೆಯಿಲ್ಲ; ಸೋರಿದರೆ ಗೊತ್ತಾಗದೆ ಕೋಣೆಯ ಆಮ್ಲಜನಕ ತಗ್ಗುತ್ತದೆ. ಕೋಣೆಯಲ್ಲಿ ಆಮ್ಲಜನಕದ ಮೀಟರ್ ಇಡಿ, 19.5 ಶೇಕಡಕ್ಕಿಂತ ಕೆಳಗಿಳಿದರೆ ಹೊರಬನ್ನಿ.

ಪ್ರಶ್ನೆ: ಹಳೆಯ ಪುಡಿಯನ್ನು ಗುಜರಿಗೆ ಕೊಡಬಹುದೇ? ತೊಳೆದ ನೀರು ಚರಂಡಿಗೆ? — ಓದುಗರು, ಹರಿಹರ

ಉತ್ತರ: ಎರಡೂ ಬೇಡ. ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಿ. ಉಳಿದದ್ದು, ಫಿಲ್ಟರ್, ಒರೆಸಿದ ಬಟ್ಟೆ, ತೊಳೆದ ನೀರು ಇವನ್ನೆಲ್ಲ ಹೆಸರು ಬರೆದ ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೇ ಕೊಡಿ. ಅಲ್ಯೂಮಿನಿಯಂ, ಟೈಟಾನಿಯಂ ಪುಡಿಯನ್ನು ಕಬ್ಬಿಣದ ತುಕ್ಕಿನೊಂದಿಗೆ ಒಂದೇ ಡಬ್ಬಿಗೆ ಹಾಕಬೇಡಿ. ಕಿಡಿ ತಾಕಿದರೆ ಆ ಮಿಶ್ರಣ ಭಾರಿ ಕಾವಿನಿಂದ ಉರಿಯುತ್ತದೆ.