ಪ್ಲಾಂಟ್ ಆಮೇಲೆ ನೋಡೋಣ, ಜಲ್ಲಿ ಎಲ್ಲಿಂದ ಬರುತ್ತೆ ಹೇಳಿ

ಇಂಟರ್‌ಲಾಕ್ ಟೈಲ್ಸ್ ಘಟಕ ಚೆನ್ನಾಗಿ ನಡೆಯುತ್ತಿದೆ, ರಸ್ತೆಗೆ ಜಲ್ಲಿ, ಡಾಂಬರು ಬಿಸಿಯಾಗಿ ಕಲಸಿ ಕೊಡುವ ಹಾಟ್ ಮಿಕ್ಸ್ ಪ್ಲಾಂಟ್ ಒಂದು ಮಾರಾಟಕ್ಕೆ ಬಂದಿದೆ, ಸಾಲ ಮಾಡಿ ಕೊಳ್ಳಲಾ ಇಲ್ಲ ಪಾಲುದಾರರನ್ನು ಸೇರಿಸಿಕೊಳ್ಳಲಾ ಅಂತ ಕೇಳಿದ್ದೀರಿ. ದೊಡ್ಡ ಕಂಪನಿಗಳೆಲ್ಲ ಬೇರೆಯವರನ್ನು ಕೊಂಡುಕೊಂಡೇ ಬೆಳೆದಿವೆ ಅಲ್ವಾ ಅಂತಲೂ ಬರೆದಿದ್ದೀರಿ. ನಾನೂ ಬ್ಯಾಂಕ್ ಮ್ಯಾನೇಜರ್ ಮುಂದೆ ಇದೇ ಮಾತು ಹೇಳಿದವನು. ನನ್ನ ಟೈಲ್ಸ್ ಘಟಕ ದಾಬಸ್‌ಪೇಟೆ ಕಡೆ. ಕೊಂಡ ಪ್ಲಾಂಟ್ ಹೊಸಕೋಟೆ ಕಡೆ. ಬೆಂಗಳೂರಿನ ಈ ತುದಿ ಒಂದು, ಆ ತುದಿ ಒಂದು. ಅದೂ ತೊಂದರೆಯೇ, ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ.

ಮಾರಿದ ಯಜಮಾನರು ಒಳ್ಳೆಯವರು. ವಯಸ್ಸಾಗಿತ್ತು, ಮಕ್ಕಳಿಗೆ ಈ ಧೂಳಿನ ವ್ಯವಹಾರ ಬೇಡವಾಗಿತ್ತು. ಕೊಳ್ಳುವ ಮುಂಚೆ ನಾನು ನೋಡಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದೆ. ಫಿಟ್ಟರ್ ಒಬ್ಬನನ್ನು ಕರೆದುಕೊಂಡು ಹೋಗಿದ್ದೆ. ಅವನು ಜಲ್ಲಿ ಕಾಯಿಸುವ ಡ್ರಮ್ಮಿನ ಒಳಗೇ ನುಗ್ಗಿ, ಸುತ್ತಿಗೆಯಲ್ಲಿ ತಗಡು ಬಡಿದು, ಎಲ್ಲಿ ಸವೆದಿದೆ ಅಂತ ಸದ್ದಿನಲ್ಲೇ ಹೇಳಿದ. ಬರ್ನರ್, ಬ್ಯಾಗ್ ಫಿಲ್ಟರ್, ಜನರೇಟರ್ ಎಲ್ಲಾ ಸರಿ ಇತ್ತು. ಆಡಿಟರ್ ಜಿಎಸ್‌ಟಿ, ಪಿಎಫ್, ಮಾಲಿನ್ಯ ಮಂಡಳಿಯ ಅನುಮತಿ, ಟಿಪ್ಪರ್‌ಗಳ ಎಫ್‌ಸಿ ನೋಡಿದರು. ಆಮೇಲೆ ಖರೀದಿ ಲೆಡ್ಜರ್ ತೆಗೆದರು. ಜಲ್ಲಿಯ ಪುಟದಲ್ಲಿ ಒಂದೇ ಕ್ರಷರ್ ಹೆಸರು, ಒಂದೇ ರೇಟು, ಮೇಲಿಂದ ಕೆಳಗಿನವರೆಗೆ. ಡೀಸೆಲ್ ಏರಿದ ತಿಂಗಳಲ್ಲೂ ಅದೇ ರೇಟು. ಆಡಿಟರ್ ಅದರ ಮೇಲೆ ಬೆರಳಿಟ್ಟು "ಇದ್ಯಾಕೆ ಏರಿಲ್ಲ?" ಅಂದರು. "ಹಳೇ ಗಿರಾಕಿ ಅಲ್ವಾ ಸಾರ್" ಅಂತ ನಾನೇ ಉತ್ತರ ಕೊಟ್ಟೆ. ಯಜಮಾನರನ್ನು ಕೇಳಲೇ ಇಲ್ಲ.

ಆ ಕ್ರಷರ್ ಯಜಮಾನರ ಭಾಮೈದನದು. ಕರಾರು ಪತ್ರ ಅಂತ ಏನೂ ಇಲ್ಲ, ಎಲ್ಲಾ ಬಾಯಿಮಾತು. ಜಲ್ಲಿ ಹೋಗುತ್ತಿತ್ತು, ದುಡ್ಡು ಹಬ್ಬಕ್ಕೋ ಹುಣ್ಣಿಮೆಗೋ ಬರುತ್ತಿತ್ತು. ಪ್ಲಾಂಟ್ ನನ್ನ ಹೆಸರಿಗಾಗಿ ಆಯುಧಪೂಜೆ ಮುಗಿಯುವವರೆಗೆ ಆ ಭಾಮೈದ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಫೋನ್ ಬಂತು. "ಅಣ್ಣಾ, ಅದು ಭಾವನಿಗೆ ಕೊಡ್ತಿದ್ದ ರೇಟು. ನಿಮಗೆ ಮಾರ್ಕೆಟ್ ರೇಟು. ಮತ್ತೆ ಉದ್ರಿ ಆಗಲ್ಲ, ಲೋಡಿಗೆ ಕ್ಯಾಶು." ಅವರದ್ದೇನೂ ತಪ್ಪಿಲ್ಲ. ನಾನು ಅವರಿಗೆ ಯಾರು?

ಇದು ಎಷ್ಟು ದೊಡ್ಡ ಹೊಡೆತ ಅಂತ ಲೆಕ್ಕ ಹಾಕಿ. ಮಿಕ್ಸ್ ಅಂದರೆ ಹೆಚ್ಚುಕಡಿಮೆ ಬರೀ ಕಲ್ಲು. 100 ಕೆಜಿ ಮಿಕ್ಸ್‌ನಲ್ಲಿ ಡಾಂಬರು 5 ಕೆಜಿ ಆಸುಪಾಸು. ಉಳಿದದ್ದು ಜಲ್ಲಿ, ಕಲ್ಲಿನ ಡಸ್ಟ್, ಸಂದು ತುಂಬೋಕೆ ಸ್ವಲ್ಪ ನುಣ್ಣನೆ ಪುಡಿ. ದಿನಕ್ಕೆ 500 ಟನ್ ತೆಗೆದರೆ 475 ಟನ್ ಕಲ್ಲು ಬೇಕು. ಟನ್‌ಗೆ 150 ರೂಪಾಯಿ ಜಾಸ್ತಿಯಾದರೆ ದಿನಕ್ಕೆ 71,250 ರೂಪಾಯಿ. ನಾನು ಒಪ್ಪಿಕೊಂಡ ಕೆಲಸಗಳ ರೇಟು ಮೊದಲೇ ಬರೆದಾಗಿತ್ತು, ಏರಿಸೋಕಾಗಲ್ಲ. ಅದಕ್ಕಿಂತ ಕೆಟ್ಟದ್ದು ಕ್ಯಾಶಿನ ಮಾತು. ನಮಗೆ ಬಿಲ್ ಬರುವುದು ಯಾವಾಗ ಅಂತ ರಸ್ತೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಮುಂಚಿನ ಯಜಮಾನರು ಆ ಗ್ಯಾಪನ್ನು ಭಾಮೈದನ ಉದ್ರಿಯಲ್ಲಿ ತುಂಬುತ್ತಿದ್ದರು. ನಾನು ಬ್ಯಾಂಕ್ ಓವರ್‌ಡ್ರಾಫ್ಟ್‌ನಲ್ಲಿ ತುಂಬಿದೆ.

ಬೇರೆ ಕ್ರಷರ್‌ಗೆ ಹೋಗಬೇಕಿತ್ತು ಅಂತೀರಾ? ಹೋದೆ. ಚಿಕ್ಕಬಳ್ಳಾಪುರ ಕಡೆಯಿಂದ ತರಿಸಿದೆ. ಕಲ್ಲಿನ ಮೂಲ ಬದಲಾದರೆ ಜಾಬ್ ಮಿಕ್ಸ್ ಫಾರ್ಮುಲಾ, ಅಂದರೆ ಯಾವುದು ಎಷ್ಟು ಹಾಕಬೇಕು ಅನ್ನೋ ಅಳತೆ, ಹೊಸದಾಗಿ ಮಾಡಿಸಿ ಎಂಜಿನಿಯರ್ ಹತ್ತಿರ ಒಪ್ಪಿಗೆ ಪಡೆಯಬೇಕು. ಮೊದಲ ಸ್ಯಾಂಪಲ್‌ನಲ್ಲೇ ಚಪ್ಪಟೆ ಕಲ್ಲು, ಉದ್ದ ಕಲ್ಲು ಜಾಸ್ತಿ ಬಂತು. ಎರಡೂ ಸೇರಿ 35 ಶೇಕಡಾ ದಾಟಬಾರದು, ದಾಟಿತ್ತು. ಲ್ಯಾಬಿನಿಂದ ರಿಪೋರ್ಟ್ ಬರುವವರೆಗೆ ಮಿಕ್ಸ್ ಹಾಸುವ ಪೇವರ್ ಮೆಷಿನ್ ರಸ್ತೆ ಪಕ್ಕ ನಿಂತಿತ್ತು, ಬಾಡಿಗೆ ಓಡುತ್ತಿತ್ತು.

ಈಗ ನಿಮ್ಮ ದೊಡ್ಡ ಕಂಪನಿಗಳ ಮಾತು. ಅವರು ಕೊಂಡದ್ದು ನಿಜ, ಆದರೆ ಏನನ್ನು ಕೊಂಡರು ನೋಡಿ. ಅಮೆರಿಕದ ಅಲಬಾಮಾದಲ್ಲಿ ಕನ್‌ಸ್ಟ್ರಕ್ಷನ್ ಪಾರ್ಟ್ನರ್ಸ್ ಅಂತ ಒಂದು ಕಂಪನಿ ಇದೆ. ಊರೂರಿನ ಡಾಂಬರು ಗುತ್ತಿಗೆದಾರರನ್ನು ಕೊಳ್ಳುತ್ತಾ ಬೆಳೆದು 2018ರಲ್ಲಿ ಅಲ್ಲಿನ ಷೇರುಪೇಟೆ ನಾಸ್ಡಾಕ್‌ಗೆ ಬಂತು. ಅಲ್ಲಿ ಅದರ ಷೇರಿನ ಗುರುತೇ 'ರೋಡ್'. 2024ರಲ್ಲಿ ಟೆಕ್ಸಾಸ್‌ನ ಲೋನ್ ಸ್ಟಾರ್ ಪೇವಿಂಗ್ ಅನ್ನೋ ಕಂಪನಿಯನ್ನು ಕೊಂಡಾಗ ಹಾಟ್ ಮಿಕ್ಸ್ ಪ್ಲಾಂಟ್‌ಗಳ ಜೊತೆ ಜಲ್ಲಿ ಘಟಕಗಳೂ ಬಂದವು, ಡಾಂಬರು ದಾಸ್ತಾನು ಮಾಡುವ ಟರ್ಮಿನಲ್ಲೂ ಬಂತು. ನಮ್ಮ ಸಿಮೆಂಟ್‌ನವರೂ ಅಷ್ಟೇ. 2015ರ ಕಾನೂನು ತಿದ್ದುಪಡಿ ಆದ ಮೇಲೆ ಹೊಸ ಸುಣ್ಣಕಲ್ಲಿನ ಗಣಿ ಬೇಕೆಂದರೆ ಹರಾಜಿಗೇ ಹೋಗಬೇಕು. ಹಳೇ ಕಂಪನಿಯನ್ನೇ ಕೊಂಡರೆ ಗಣಿ ಜೊತೆಗೇ ಬರುತ್ತದೆ. 2024ರಲ್ಲಿ ಅಲ್ಟ್ರಾಟೆಕ್‌ನವರು ಇಂಡಿಯಾ ಸಿಮೆಂಟ್ಸ್ ಕಂಪನಿಯನ್ನು ಹಿಡಿದದ್ದನ್ನು ಸುಮ್ನೆ ಸೈಜ್ ದೊಡ್ಡದು ಮಾಡೋಕೆ ಅಂದುಕೊಳ್ಳಬೇಡಿ.

ಸಾಲದ ಬಗ್ಗೆಯೂ ಒಂದು ಉದಾಹರಣೆ ಇದೆ. ಅಮೆರಿಕದ ಜಲ್ಲಿ ಕಂಪನಿ ವಲ್ಕನ್ ಮೆಟೀರಿಯಲ್ಸ್ 2007ರಲ್ಲಿ ಫ್ಲೋರಿಡಾ ರಾಕ್ ಅನ್ನೋ ಇನ್ನೊಂದು ಕಂಪನಿಯನ್ನು ಸುಮಾರು 4.6 ಬಿಲಿಯನ್ ಡಾಲರ್‌ಗೆ ಕೊಂಡಿತು. ಮರುವರ್ಷವೇ ಅಮೆರಿಕದಲ್ಲಿ ಎಲ್ಲಾ ಕುಸಿಯಿತು. ಸಾಲ ವರ್ಷಗಟ್ಟಲೆ ಕಾಡಿತು. ಆದರೂ ನೆಲದೊಳಗಿನ ಕಲ್ಲು ಅವರದೇ ಆಗಿತ್ತು, ಕೆಲಸ ಮತ್ತೆ ಶುರುವಾದಾಗ ಅದೇ ಕಲ್ಲು ಮಾರಿದರು. ನನ್ನ ಹತ್ತಿರ ಉಳಿದದ್ದು ಒಂದು ಡ್ರಮ್ಮು.

ಈ ವ್ಯಾಪಾರ ದೂರಕ್ಕೆ ಹೋಗೋದೂ ಇಲ್ಲ. ವಿಜಿ-30 ಅನ್ನೋ ದರ್ಜೆಯ ಡಾಂಬರಿನ ಮಿಕ್ಸ್ ಪ್ಲಾಂಟ್ ಬಿಡುವಾಗ 150ರಿಂದ 165 ಡಿಗ್ರಿ ಇರಬೇಕು, ಹಾಸುವಾಗ 140ಕ್ಕಿಂತ ಕೆಳಗೆ ಇಳಿಯಬಾರದು. ಟಾರ್ಪಾಲು ಎಷ್ಟು ಬಿಗಿಯಾಗಿ ಕಟ್ಟಿದರೂ ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಲ್ಲಿ ಟಿಪ್ಪರ್ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಅದಕ್ಕೇ ಪ್ಲಾಂಟ್ ಊರಿನ ಅಂಚಲ್ಲಿರಬೇಕು, ಕಲ್ಲು ಪ್ಲಾಂಟಿನ ಹತ್ತಿರ ಇರಬೇಕು. ಬೆಂಗಳೂರು ಕೂತಿರೋದೇ ಬಂಡೆಯ ಮೇಲೆ, ಲಾಲ್‌ಬಾಗ್‌ಗೆ ಹೋದರೆ ಕಣ್ಣಿಗೇ ಕಾಣುತ್ತದೆ. ಆದರೆ ಊರು ಬೆಳೆದ ಕಡೆಯೆಲ್ಲ ಹೊಸ ಕ್ವಾರಿ ಕಷ್ಟ. ಕ್ರಷರ್‌ಗೆ ರಾಜ್ಯದ 2011ರ ಕಲ್ಲು ಕ್ರಷರ್ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಸುರಕ್ಷಿತ ವಲಯದಲ್ಲಿ ಇರಬೇಕು. 2021ರಲ್ಲಿ ಶಿವಮೊಗ್ಗದ ಹುಣಸೋಡು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಸ್ಫೋಟಕ ಸಿಡಿದು ಜನ ಸತ್ತ ಮೇಲೆ ಕ್ವಾರಿಗಳ ತಪಾಸಣೆ ಬಿಗಿಯಾಯಿತು. ಅಲ್ಲಿ ಬೀಗ ಬಿದ್ದರೆ ಇಲ್ಲಿ ನಿಮ್ಮ ಬರ್ನರ್ ಆರುತ್ತದೆ.

ನನ್ನ ಪ್ಲಾಂಟ್ ಕೊನೆಗೆ ಕೊಂಡವರು ಯಾರು ಗೊತ್ತಾ? ಅದೇ ಭಾಮೈದ. ನಾನು ಕೊಟ್ಟದ್ದಕ್ಕಿಂತ ತುಂಬಾ ಕಡಿಮೆಗೆ. ಈಗ ಚೆನ್ನಾಗಿ ನಡೆಸುತ್ತಿದ್ದಾರೆ. ನನ್ನ ಟೈಲ್ಸ್‌ಗೆ 6 ಎಂಎಂ ಜಲ್ಲಿ, ಎಂ-ಸ್ಯಾಂಡ್ ಅವರಿಂದಲೇ ಬರುತ್ತದೆ, ಈ ಸಲ ಬಾಂಡ್ ಪೇಪರಿನಲ್ಲಿ ರೇಟು ಬರೆಸಿಕೊಂಡಿದ್ದೇನೆ.

ಹಾಗಾಗಿ ಸಾಲವೋ ಪಾಲುದಾರರೋ ಅನ್ನೋ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಡಾಂಬರು ಕೆಲಸ ಬಂದರೆ ಯಾರದಾದರೂ ಪ್ಲಾಂಟಿನಲ್ಲಿ ಟನ್ ಲೆಕ್ಕಕ್ಕೆ ಮಿಕ್ಸ್ ಮಾಡಿಸಿ. ಇರೋ ದುಡ್ಡನ್ನು ಕ್ರಷರ್‌ನಲ್ಲಿ ಪಾಲಿಗೆ ಹಾಕಿ, ನಿಮ್ಮ ಟೈಲ್ಸ್‌ಗೂ ಅದೇ ಬೇಕು. ಇಲ್ಲ, ಪ್ಲಾಂಟೇ ಬೇಕು ಅಂತ ಹಟವಿದ್ದರೆ ಪಾಲುದಾರರನ್ನೇ ಹುಡುಕಿ, ಆದರೆ ದುಡ್ಡಿರೋರನ್ನಲ್ಲ, ಕ್ವಾರಿ ಇರೋರನ್ನು. ಮಾರುವವರು ಪಕ್ಕದಲ್ಲೇ ಇನ್ನೊಂದು ಪ್ಲಾಂಟ್ ಹಾಕಬಾರದು ಅಂತ ಗುಡ್‌ವಿಲ್ (ವ್ಯಾಪಾರದ ಹೆಸರು, ಗಿರಾಕಿಗಳ ನಂಬಿಕೆ) ಜೊತೆ ಬರೆಸಿಕೊಳ್ಳಿ. ಗುಡ್‌ವಿಲ್ ಮಾರಿದಾಗ ಇಂಥ ಷರತ್ತಿಗೆ ಕಾನೂನಿನಲ್ಲಿ ಜಾಗ ಇದೆ, ಪ್ರದೇಶ ಮತ್ತು ಅವಧಿ ಮಾತ್ರ ಅತಿಯಾಗಬಾರದು. ಮೊದಲು ಕ್ವಾರಿ ಲೀಸಿನ ಕಾಪಿ ಕೇಳಿ. ಯಾರ ಹೆಸರಲ್ಲಿದೆ, ಎಷ್ಟು ವರ್ಷ ಉಳಿದಿದೆ, ಇಲಾಖೆ ಒಪ್ಪದೆ ಹೆಸರು ಬದಲಾಗಲ್ಲ ಅನ್ನೋದು ಅವರಿಗೆ ಗೊತ್ತಿದೆಯಾ ನೋಡಿ. ಕಾಪಿ ಕೊಡೋಕೆ ಹಿಂದೆಮುಂದೆ ನೋಡಿದರೆ ಕಾಫಿ ಕುಡಿದು ಎದ್ದು ಬನ್ನಿ.