ಹಳೇ ಶೀಟ್ ಮೇಲೆ ಹೊಸ ಶೀಟ್ ಹೊಡೀಬೇಡಿ ಅಣ್ಣ

ಅಣ್ಣ, ನೀವು ಹಾಕಿರೋ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಫೋಟೋ ನೋಡಿ ಸುಮ್ನೆ ಇರೋಕಾಗ್ಲಿಲ್ಲ. ಟ್ರೈಲರ್ ತಳ ತೂತು ಬಿದ್ದಿದೆ, ಹಳೇದು ಬಿಚ್ಚೋ ತಾಪತ್ರಯ ಯಾಕೆ, ಮೇಲೇನೇ 4 ಎಂಎಂ ಶೀಟ್ ಕೂರಿಸಿ ವೆಲ್ಡಿಂಗ್ ಹೊಡೆದ್ರೆ ಡಬಲ್ ಗಟ್ಟಿ ಅಂತ ಹಾಕಿದೀರಲ್ಲ, ಇದನ್ನೇ ಮಾಡಿ ಕೈ ಸುಟ್ಕೊಂಡೋನು ನಾನು.

ನಮ್ಮದು ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್ (ಜಾಕ್‌ನಲ್ಲಿ ಡಬ್ಬ ಎತ್ತಿ ಲೋಡ್ ಸುರಿಯೋದು), ಅಪ್ಪನ ಕಾಲದ್ದು. ಶೀಟ್ ಹೊಡೆದ ವರ್ಷ ಜೋರಾಗೇ ಇತ್ತು. ಮೂರನೇ ಮಳೆಗಾಲ ಕಳೆದ್ಮೇಲೆ ಕೊಟ್ಟಿಗೆ ಗೊಬ್ಬರ ತುಂಬಿ ಹೊಲದಲ್ಲಿ ಎತ್ತಿದ್ರೆ ತಳ ಮಧ್ಯಕ್ಕೆ ಹೊಟ್ಟೆ ಬಿಟ್ಕೊಂಡು ಜೋತಾಡ್ತಾ ಇದೆ. ಬಿಚ್ಚಿ ನೋಡಿದ್ರೆ ಎರಡು ಶೀಟ್ ಮಧ್ಯೆ ಪದರ ಪದರ ತುಕ್ಕು, ಗೊಬ್ಬರದ ರಸ ಇನ್ನೂ ಒದ್ದೊದ್ದೆ, ತಳ ಹೊರೋ ಕಬ್ಬಿಣದ ಅಡ್ಡ ಚಾನಲ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದ್ರೆ ರಸ್ಕ್ ತರ ಪುಡಿ. ನೀರು ಒಳಗೆ ಹೋಗೋಕೆ ಕೂದಲೆಳೆ ಸಂದು ಸಾಕು, ಆಚೆ ಬರೋಕೆ ದಾರಿನೇ ಇಲ್ಲ. ಪೊಟ್ಯಾಶ್ ಗೊಬ್ಬರ ಸಾಗಿಸೋರಾದ್ರಂತೂ ಮುಗೀತು, ಅದೂ ಒಂಥರಾ ಉಪ್ಪೇ, ತುಕ್ಕು ಇನ್ನೂ ಬೇಗ. ಇನ್ನು ಗಟ್ಟಿ ಅಂತೀರಲ್ಲ, 10 ಅಡಿ 6 ಅಡಿ ತಳಕ್ಕೆ 4 ಎಂಎಂ ಅಂದ್ರೆ ಹತ್ರ ಹತ್ರ 175 ಕೆಜಿ, ಖಾಲಿ ಗಾಡೀಲೂ ಮೂರೂವರೆ ಮೂಟೆ ಸಿಮೆಂಟ್ ಹೊತ್ಕೊಂಡು ಓಡಾಡಿದ ಹಾಗೆ.

ಹಳೇದನ್ನ ಪೂರ್ತಿ ಎತ್ತಿ. ಗ್ಯಾಸ್ ಕಟಿಂಗ್‌ನೋನು ಚಾನಲ್‌ಗೆ ಗಾಯ ಮಾಡದ ಹಾಗೆ ನಿಂತು ನೋಡ್ಕೊಳ್ಳಿ, ಅಂಚಲ್ಲಿ ಉಳಿದ ಪಟ್ಟಿ ಗ್ರೈಂಡರ್‌ನಲ್ಲಿ ತೆಗೀರಿ, ಕೈ ನೋಯುತ್ತೆ ನೋಯ್ಲಿ. ಒಂದೊಂದೇ ಅಡ್ಡ ಚಾನಲ್ ಸುತ್ತಿಗೇಲಿ ತಟ್ಟಿ, ಠಣ್ ಅಂದ್ರೆ ಇರ್ಲಿ, ಲೊಟ್ಟ್ ಅಂದ್ರೆ ಬದಲಾಯ್ಸಿ. ನಂದು ಏಳರಲ್ಲಿ ನಾಲ್ಕು ಹೋಗಿತ್ತು. ವೆಲ್ಡಿಂಗ್ ಬೀಳೋ ಜಾಗ ಬಿಟ್ಟು ಚಾನಲ್‌ಗೆಲ್ಲ ರೆಡ್ ಆಕ್ಸೈಡ್ (ತುಕ್ಕು ತಡೆಯೋ ಪೇಂಟ್) ಹೊಡೆದೇ ಶೀಟ್ ಇಡಿ, ಆಮೇಲೆ ಬ್ರಷ್ ಹೋಗಲ್ಲ. ದಯವಿಟ್ಟು ವೇಸ್ಟ್ ಆಯಿಲ್ ಮೊದಲೇ ಬಳೀಬೇಡಿ, ಪೇಂಟ್ ಹಿಡಿಯಲ್ಲ. ವೆಲ್ಡಿಂಗ್ 2 ಇಂಚ್ ಹೊಡೆದು 6 ಇಂಚ್ ಬಿಟ್ಟು ಆ ಕಡೆ ಈ ಕಡೆ ಎದುರುಬದುರು ಹೋಗಿ, ಒಂದೇ ಉಸಿರಿಗೆ ಎಳೆದ್ರೆ ಶೀಟ್ ಅಂಚು ಕಾದ ದೋಸೆ ತರ ಏಳುತ್ತೆ. ವೆಲ್ಡಿಂಗ್ ರಾಡ್ 6013 ನಂಬರಿಂದು ಸಾಕು, ಅಡೋರ್ (ಮೊದಲಿನ ಅಡ್ವಾಣಿ) ಇಲ್ಲಾಂದ್ರೆ ಈಸಾಬ್ ಕಂಪನೀದು, ಹತ್ತು ರೂಪಾಯಿ ಉಳಿಸೋಕೆ ಹೆಸರಿಲ್ಲದ ರಾಡ್ ತರಬೇಡಿ, ಮಳೇಲಿ ತೇವ ಹಿಡಿದ ಪ್ಯಾಕೆಟ್ಟೂ ಬೇಡ.

ಅರ್ಥ್ ಕ್ಲಾಂಪ್ (ವೆಲ್ಡಿಂಗ್ ಕರೆಂಟು ವಾಪಸ್ ಹೋಗೋ ಕ್ಲಿಪ್) ಚಕ್ರದ ಬೋಲ್ಟ್‌ಗೆ ಹಾಕಿದೀರಲ್ರೀ! ಕರೆಂಟು ಚಕ್ರದ ಹಬ್ ಬೇರಿಂಗ್ ಮೂಲಕ ಹರಿದು ರೋಲರ್ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತೆ, ಆರು ತಿಂಗಳಾದ್ಮೇಲೆ ಗರಗರ ಅಂದಾಗ ಬೇರಿಂಗ್ ಕಂಪನೀನ ಬೈತೀರ. ವೆಲ್ಡಿಂಗ್ ಪಕ್ಕದಲ್ಲೇ ತುಕ್ಕು ಉಜ್ಜಿ ಕ್ಲಾಂಪ್ ಹಾಕಿ, ಟ್ರ್ಯಾಕ್ಟರ್ ಕಳಚಿ ದೂರ ನಿಲ್ಸಿ. ಹೆಂಗೂ ಹಬ್ ಬಿಚ್ಚಿದ್ರೆ ಹಳೇ ಗ್ರೀಸ್ ಡೀಸೆಲ್‌ನಲ್ಲಿ ತೊಳೆದು ಹೊಸದು ರೋಲರ್ ಸಂದಿಗೆ ಒತ್ತಿ ತುಂಬಿ, ಮೇಲೆ ಬಳಿಯೋದಲ್ಲ. ನಟ್ ಬಿಗಿ ಮಾಡ್ತಾ ಚಕ್ರ ತಿರುಗಿಸಿ, ಬಿಗಿ ಆದ್ಮೇಲೆ ಸ್ವಲ್ಪ ಹಿಂದೆ ಬಿಟ್ಟು ನಟ್ ಬಿಚ್ಕೊಳ್ಳದ ಹಾಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ.

ಮೂಕಿ ಚಾನಲ್‌ನ (ಟ್ರ್ಯಾಕ್ಟರ್‌ಗೆ ಸಿಗಿಸೋಕೆ ಮುಂದಕ್ಕೆ ಚಾಚಿರೋದು) ಬಿರುಕಿಗೆ ಚೌಕ ಪಟ್ಟಿ ಇಟ್ಟು ಸುತ್ತ ವೆಲ್ಡಿಂಗ್ ಎಳೀಬೇಡಿ, ಪಟ್ಟಿ ಮುಗಿಯೋ ಅಡ್ಡ ಗೆರೆ ಮೇಲೇ ಮತ್ತೆ ಬಿರುಕು ಬಿಡುತ್ತೆ. ತುದಿ ಎರಡೂ ಕಡೆ ಚೂಪಾಗಿ ಕತ್ತರಿಸಿ ಕೂರಿಸಿ. ಬಿರುಕು ಹುಕ್ ಹತ್ರಾನೇ ಇದ್ರೆ ಮನೇಲಿ ಪ್ರಯೋಗ ಬೇಡ, ಚಾನಲ್ಲೇ ಬದಲಾಯ್ಸಿ, ರೋಡಲ್ಲಿ ಲೋಡ್ ಕಳಚ್ಕೊಂಡ್ರೆ ಹಿಂದೆ ಬರೋ ಬೈಕ್‌ನೋನ ಗತಿ ಯೋಚ್ನೆ ಮಾಡಿ.

ಎಲ್ಲಕ್ಕಿಂತ ಮೊದಲು, ಎರಡನೇ ಫೋಟೋದಲ್ಲಿ ಡಬ್ಬ ಬರೀ ಹೈಡ್ರಾಲಿಕ್ ಜಾಕ್ ಮೇಲೆ ಎದ್ದಿದೆ, ಕೆಳಗೆ ಹುಡುಗ ಕೂತು ಬ್ರಷ್ ಉಜ್ಜುತಾ ಇದಾನೆ. ಪೈಪ್ ಒಡೆದ್ರೆ ಓಡೋಕೆ ಟೈಮ್ ಇರಲ್ಲ. ಈಗಲೇ ಅವನನ್ನ ಆಚೆ ಕರೀರಿ, ಚಾಸಿಗೂ ಡಬ್ಬಕ್ಕೂ ಮಧ್ಯೆ ದಪ್ಪ ಮರದ ದಿಮ್ಮಿ ಕೊಟ್ಟು ಫೋಟೋ ಹಾಕಿ, ಬೇರೆ ಡೌಟ್ ಆಮೇಲೆ ನೋಡೋಣ.