ನಿಮ್ಮ ಪೈಲಟ್ ಕೈಕಾಲು ಏನು ಮಾಡುತ್ತಿದ್ದವು?

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಸುಮ್ನೆ "ವಿಷಾದಿಸುತ್ತೇವೆ" ಅಂತ ಒಂದು ಸಾಲು ಬರೆದು ಕಳಿಸುವಂಥ ಕಥೆಯೂ ಅಲ್ಲ ಇದು.

ತೊಂದರೆ ಇರುವುದು ಅಪಘಾತದಲ್ಲಿ. ಸೆಸ್ನಾ 172 ಎಂಬ ಪುಟ್ಟ ವಿಮಾನ ಇಳಿಯಲು ಬರುತ್ತಿದೆ, "ಸ್ಟಾಲ್ ಆಗಿ ಎಂಜಿನ್ ನಿಂತುಹೋಯಿತು", ವಿಮಾನ ಬಿತ್ತು. ಸ್ಟಾಲ್ ಆಗುವುದು ರೆಕ್ಕೆ, ಎಂಜಿನ್ ಅಲ್ಲ. ಎದುರಿನ ಗಾಳಿಗೂ ರೆಕ್ಕೆಗೂ ನಡುವಿನ ಕೋನ 15-18 ಡಿಗ್ರಿ ಆಸುಪಾಸು ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಎಂಜಿನ್ ಪಾಡಿಗೆ ಎಂಜಿನ್ ಓಡುತ್ತಲೇ ಇರಬಹುದು.

ಇಷ್ಟೇ ಆಗಿದ್ದರೆ ನಾನೇ ಒಂದು ಸಾಲು ತಿದ್ದುತ್ತಿದ್ದೆ. ನನ್ನ ತಕರಾರು ಬೇರೆ. ನಿಮ್ಮ ಪೈಲಟ್‌ಗೆ ನೀವು ಕೆಲಸವನ್ನೇ ಕೊಟ್ಟಿಲ್ಲ, ಅವನು ಸುಮ್ಮನೆ ಕೂತು ಬೀಳುತ್ತಾನೆ! ಇಂಥ ಎಷ್ಟೋ ಅಪಘಾತಗಳಲ್ಲಿ ಪೈಲಟ್ ಕೊನೆಯ ಕ್ಷಣದವರೆಗೂ ಏನನ್ನೋ ಸರಿಮಾಡುತ್ತಲೇ ಇರುತ್ತಾನೆ.

ರನ್‌ವೇ ನೇರಕ್ಕೆ ಬರುವ ಕೊನೆಯ ತಿರುವನ್ನೇ ನೋಡಿ, ರನ್‌ವೇಗೆ ಅಡ್ಡಲಾಗಿ ಹಾರುವ ಬೇಸ್‌ನಿಂದ ಅದರ ನೇರಕ್ಕೆ ಇಳಿಯುವ ಫೈನಲ್‌ಗೆ. ಎತ್ತರ ಸುಮಾರು 500 ಅಡಿ. ಹಿಂದಿನಿಂದ ಗಾಳಿ ತಳ್ಳಿ ನೇರ ದಾಟಿಹೋಗುತ್ತಿದ್ದಾನೆ. ಇಷ್ಟು ಕೆಳಗೆ ಜಾಸ್ತಿ ವಾಲಿಸಲು ಭಯ. ಭಯಕ್ಕೆ ಅರ್ಥವೂ ಇದೆ, ಎತ್ತರ ಬಿಡದೆ 45 ಡಿಗ್ರಿ ವಾಲಿದರೆ ಸ್ಟಾಲ್ ಆಗುವ ವೇಗ, ಅಂದರೆ ಯಾವ ವೇಗಕ್ಕಿಂತ ನಿಧಾನವಾದರೆ ರೆಕ್ಕೆ ಸೋಲುತ್ತದೋ ಅದು, ಶೇ. 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ. 41. ಅದಕ್ಕೇ ವಾಲಿಸುವ ಬದಲು ತಿರುಗುವ ಕಡೆಯ ರಡ್ಡರ್ ಪೆಡಲ್, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್, ಒತ್ತುತ್ತಾನೆ. ಮೂತಿ ತಿರುಗುತ್ತದೆ, ಜೊತೆಗೆ ಹೊರಗಿನ ರೆಕ್ಕೆ ವೇಗ ಹೆಚ್ಚಿ ಮೇಲೇಳುತ್ತದೆ. ವಾಲು ಹೆಚ್ಚಾಯಿತಲ್ಲ ಅಂತ ಕೈಯಲ್ಲಿ ಹಿಡಿದ ಯೋಕ್, ಅಂದರೆ ವಿಮಾನದ ಸ್ಟಿಯರಿಂಗ್, ಎದುರು ಕಡೆಗೆ. ಮೂತಿ ಇಳಿಯಿತು ಅಂತ ಯೋಕ್ ಹಿಂದಕ್ಕೆ. ಕಾಲು ಒಂದು ಕಡೆ, ಕೈ ಇನ್ನೊಂದು ಕಡೆ. ಎದುರಿನ ಮೀಟರ್‌ನಲ್ಲಿ ವಿಮಾನ ಪಕ್ಕಕ್ಕೆ ಜಾರುತ್ತಿದೆ ಅಂತ ತೋರಿಸುವ ಪುಟ್ಟ ಗುಂಡು ತಿರುವಿನ ಹೊರಕ್ಕೆ ಜಾರಿ ಕೂತಿದೆ, ಅವನ ಕಣ್ಣು ರನ್‌ವೇ ಮೇಲೆ. ಒಳಗಿನ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೇ ಮಗುಚಿ ಸುತ್ತತೊಡಗುತ್ತದೆ. ಬಿಡಿಸಿಕೊಳ್ಳುವ ವಿಧಾನ ಅವನಿಗೆ ಗೊತ್ತು. ಎತ್ತರ ಇಲ್ಲ.

ನೋಡಿ, ಇದರಲ್ಲಿ ಒಂದೊಂದೂ ಅವನಿಗೆ ಆ ಹೊತ್ತಿಗೆ ಸರಿ ಅನ್ನಿಸಿದ್ದೇ, ಅಲ್ವಾ? ಅದನ್ನು ಬರೆಯಿರಿ.

ನಿಮ್ಮ "ಕೆಂಪು ದೀಪ ಮಿನುಗಿತು" ಕೂಡ ಬೇಡ. 172ರಲ್ಲಿ ಎಡ ರೆಕ್ಕೆಯ ಮುಂದಿನ ಅಂಚಿನಲ್ಲೊಂದು ಸಣ್ಣ ಕಿಂಡಿ ಇರುತ್ತದೆ, ಸ್ಟಾಲ್ ಹತ್ತಿರವಾದಾಗ ಗಾಳಿಯ ಎಳೆತಕ್ಕೆ ಅದು ಪೀಪಿಯ ಹಾಗೆ ಕೂಗುತ್ತದೆ. ವಿದ್ಯುತ್ತೇ ಬೇಕಿಲ್ಲ. ಇಳಿಯುವಾಗ ಚಕ್ರ ನೆಲ ಮುಟ್ಟುವ ಮುಂಚೆ ಅದು ಕೂಗುವುದು ಮಾಮೂಲು, ಕಿವಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಎಂಥ ಒಳ್ಳೆ ವಿವರ, ಬಿಟ್ಟುಬಿಟ್ಟಿದ್ದೀರಿ.

ಇನ್ನೊಂದು ಪ್ರಶ್ನೆ. ನೇರ ತಪ್ಪಿತು ಅಂದಾಗಲೇ ಪವರ್ ಕೊಟ್ಟು ಮೇಲೆದ್ದು ಇನ್ನೊಂದು ಸುತ್ತು ಬರಬಹುದಿತ್ತು. ಯಾಕೆ ಬರಲಿಲ್ಲ? ಉತ್ತರ ನಿಮ್ಮ ಮೂರನೇ ಪುಟದಲ್ಲೇ ಇದೆ, ಪಕ್ಕದ ಸೀಟಿನಲ್ಲಿ ಹಂಗಿಸುವ ಅಣ್ಣ ಕೂತಿದ್ದಾನೆ. ಅಷ್ಟು ಚೆನ್ನಾಗಿ ತಂದು ಕೂರಿಸಿದವರು ಆಮೇಲೆ ಅವನನ್ನು ಮರೆತೇಬಿಟ್ಟಿದ್ದೀರಿ. ಆಸ್ಪತ್ರೆಯ ಪುಟಗಳನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಈ ತಿರುವನ್ನು ಅಣ್ಣನ ಸಮೇತ ಬರೆದು ಕಳಿಸಿ. ಖಂಡಿತ ಓದುತ್ತೇನೆ.